ಥಾಯ್ಲೆಂಡಿನ ಬತ್ತದ ಬೆಲೆಯೂ ರಾಜನೀತಿಯೂ

ಹೇರಳವಾದ ಪಣ್ಯವನ್ನು ಒಂದೆಡೆ ಕೂಡಿಸಿ ಅದರ ಅರ್ಘವನ್ನು, ಎಂದರೆ ಬೆಲೆಯನ್ನು, ಏರಿಸಬೇಕೆಂದೂ, ಪ್ರಜೆಗಳಿಗೆ ಕೇಡನ್ನುಂಟುಮಾಡುವ ಲಾಭವು ಎಷ್ಟು ದೊಡ್ಡದಾದರೂ ಅದನ್ನು ಬಿಡಬೇಕೆಂದೂ ಕೌಟಿಲ್ಯನು ಅರ್ಥಶಾಸ್ತ್ರದ ಪಣ್ಯಾಧ್ಯಕ್ಷಪ್ರಕರಣದಲ್ಲಿ ವಿಧಿಸಿರುವನು. ಇವೆರಡೂ ಬತ್ತದ ವಿಷಯದಲ್ಲಿ ಹೇಗೆ ಪರೀಕ್ಷೆಗೆ ಒಳಗಾದುವೆಂಬುದಕ್ಕೆ ಪೂರ್ವದಲ್ಲಿ ಸಯಾಂ ಎನಿಸಿದ್ದ ಥಾಯ್ಲೆಂಡಿನ ಚರಿತ್ರೆಯು ನಿದರ್ಶನವಾಗಿರುವುದು.

1955 ರಿಂದ 1986 ರ ವರೆಗೆ ಆ ದೇಶದ ಸರ್ಕಾರವು ಹೊರಕ್ಕೆ ಹೋಗುವ ಅಕ್ಕಿಯ ಮೇಲೆ ಪ್ರೀಮಿಯಂ ಎಂಬ ಸುಂಕವನ್ನು ಎತ್ತುತ್ತಿದ್ದಿತು. ಮೇಲ್ನೋಟಕ್ಕೆ ಅದನ್ನು ತೆರುವವನು ವರ್ತಕನು. ಆದರೆ ಪರದೇಶದ ಧಾರಣೆಯು ಅವನ ಕೈಯಲ್ಲಿಲ್ಲವಾದುದರಿಂದ, ತೆತ್ತ ಹಣದ ಬಹುಭಾಗವನ್ನು ಅವನು ಬತ್ತದ ಬೆಲೆಯಲ್ಲಿ ಮುರಿದುಕೊಳ್ಳುತ್ತಿದ್ದನು. ಹೀಗೆ ಬೊಕ್ಕಸಕ್ಕೆ ಹಣ ಬಂದಿತು. ಪಟ್ಟಣಿಗರಿಗೆ ಅಕ್ಕಿ ಅಗ್ಗವಾಯಿತು. ಇವೆರಡರ ಭಾರವನ್ನೂ ರೈತನು ಹೊತ್ತನು.

2011 ರಲ್ಲಿ ಯಿಂಗ್‌ಲಕ್ ಶಿನಾವತ್ರ ಅವರ ಸರ್ಕಾರವು ಇದಕ್ಕೆ ವಿಪರೀತವಾದ ಮಾರ್ಗವನ್ನು ಹಿಡಿಯಿತು. ರೈತನು ಬತ್ತವನ್ನು ಅಡವಿಟ್ಟು ಟನ್ನಿಗೆ 15,000 ಬಾತ್ ಪಡೆಯಬಹುದೆಂದು ಗೊತ್ತುಮಾಡಲಾಯಿತು. ಇದು ಪೇಟೆಯ ಧಾರಣೆಗಿಂತ ಬಹಳ ಹೆಚ್ಚು. ಧರ್ಮಶಾಸ್ತ್ರಗಳಲ್ಲಿ ಆಧಿಯೆನಿಸುವ ಅಡವನ್ನು ಇಟ್ಟವನು ಬಿಡಿಸಿಕೊಳ್ಳಲೆಳಸುವುದು ವಸ್ತುವಿನ ಬೆಲೆಯು ಸಾಲಕ್ಕಿಂತ ಹೆಚ್ಚಾಗಿರುವಾಗಲಷ್ಟೆ. ಇಲ್ಲಿ ಸಾಲವೇ ಹೆಚ್ಚಾದುದರಿಂದ, ಹೆಸರಿಗೆ ಅಡವಾದುದು ವಸ್ತುತಃ ಕ್ರಯವಾಯಿತು. ಉಗ್ರಾಣಗಳಲ್ಲಿ ಅಕ್ಕಿಯನ್ನು ತಡೆದಿಟ್ಟರೆ ಲೋಕದ ಧಾರಣೆಯು ಏರುವುದೆಂದು ಸರ್ಕಾರವು ಎಣಿಸಿತ್ತು. ಆದರೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಭಾರತವು ಬಾಸ್ಮತಿಯಲ್ಲದ ಅಕ್ಕಿಯ ರಫ್ತಿಗಿದ್ದ ತಡೆಯನ್ನು ತೆಗೆಯಿತು. ಒಂದು ಕೋಟಿ ಟನ್ನನ್ನು ಮೀರಿದ್ದ ಥಾಯ್ಲೆಂಡಿನ ರಫ್ತು 2012 ರಲ್ಲಿ ಸುಮಾರು 70 ಲಕ್ಷ ಟನ್ನಿಗೆ ಇಳಿದು, ಪ್ರಥಮಸ್ಥಾನವು ಭಾರತಕ್ಕೆ ಬಂದಿತು. ಅಕ್ಕಿಯು ಮಾರದೆ ಉಳಿಯಿತು. ಬತ್ತವನ್ನು ಒಪ್ಪಿಸಿದ ರೈತರು ತಿಂಗಳುಗಟ್ಟಲೆ ಹಣ ಸಲ್ಲದೆ, 2014 ರ ಆದಿಯಲ್ಲಿ ಬ್ಯಾಂಕಾಕಿಗೆ ಬಂದು ಮೊರೆಯಿಟ್ಟರು. ಯೋಜನೆಯು ಆ ವರ್ಷವೇ ನಿಂತಿತು.

ಪಣ್ಯವು ಹೆಚ್ಚಿದಾಗ ಅದನ್ನು ಒಂದೇ ಕೈಯಿಂದ ಮಾರಿಸಬೇಕೆಂದೂ, ಅದು ಮಾರುವ ವರೆಗೆ ಇತರರು ಮಾರಕೂಡದೆಂದೂ ಅರ್ಥಶಾಸ್ತ್ರದ ಕಂಟಕಶೋಧನಾಧಿಕರಣದಲ್ಲಿ ಹೇಳಿದೆ. ಈ ನಿಯಮವು ರಾಜನ ಆಜ್ಞೆ ನಡೆಯುವ ಸೀಮೆಯೊಳಗೆ ಸಲ್ಲುವುದೇ ಹೊರತು ಪರರಾಜ್ಯಗಳ ಪೇಟೆಯಲ್ಲಿ ಸಲ್ಲದು. ಥಾಯ್ಲೆಂಡು ಪಣ್ಯವನ್ನು ಕೂಡಿಸಬಲ್ಲುದಾಯಿತು. ಇತರರ ಮಾರಾಟವನ್ನು ತಡೆಯಲಾರದೆ ಹೋಯಿತು. ಮೊದಲನೆಯ ನೀತಿಯಲ್ಲಿ ಪ್ರಜೆಗಳಿಗೆ ಉಪಘಾತಕವಾದ ಲಾಭವಿದ್ದಿತು. ಎರಡನೆಯದರಲ್ಲಿ ಲಾಭವೇ ಇಲ್ಲದ ಉಪಕಾರವಿದ್ದಿತು. ಎರಡರಲ್ಲಿಯೂ ಕೊನೆಗೆ ಕಾದು ನಿಂತವನು ರೈತನೇ.