ಅಟ್ಟದ ಮೇಲಿನ ಹಂದಿ

1623ರ ನವೆಂಬರಿನಲ್ಲಿ ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿ ಇಕ್ಕೇರಿಗೆ ಬಂದ. ಗೋವೆಯ ಪೋರ್ಚುಗೀಸರು ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ ಕಳಿಸಿದ್ದ ರಾಯಭಾರಿಯ ಜೊತೆಗಾರನಾಗಿ ಹೊನ್ನಾವರದಲ್ಲಿ ಇಳಿದು, ಗೇರುಸೊಪ್ಪೆಯ ಹೊಳೆ ಹಿಡಿದು, ಘಟ್ಟ ಹತ್ತಿ ಬಂದವನು. ಕಂಡದ್ದನ್ನೆಲ್ಲ ಇಟಲಿಯ ಗೆಳೆಯನಿಗೆ ಕಾಗದ ಬರೆಯುತ್ತಿದ್ದ. ಮರಳಿನ ಮೇಲೆ ಬೆರಳಾಡಿಸುತ್ತ ರಾಗವಾಗಿ ಲೆಕ್ಕ ಕಲಿಯುವ ಹುಡುಗರು, ಸೆಗಣಿ ಸಾರಿಸಿದ ನುಣ್ಣನೆಯ ನೆಲ, ಎಲ್ಲವೂ ಅವನ ಕಾಗದದಲ್ಲಿವೆ. ಆ ನೆಲವಂತೂ ಎಷ್ಟು ಹಿಡಿಸಿತೆಂದರೆ ಇಟಲಿಗೆ ಹೋದ ಮೇಲೆ ತಾನೂ ಮಾಡಿಸಿ ನೋಡಬೇಕು ಎಂದುಕೊಂಡ. ಹಂದಿಯ ತೊಡೆಯನ್ನು ಉಪ್ಪಿನಲ್ಲಿ ಹೂತು ಗಾಳಿಗೆ ತೂಗುಹಾಕುವ ನಾಡಿನಿಂದ ಬಂದವನಿಗೆ ಅರಮನೆಯ ಸುತ್ತ ಅಂಥದ್ದೇನೂ ಸಿಗುವಂತಿರಲಿಲ್ಲ. ಅರಸ ಲಿಂಗವಂತ, ಮಾಂಸ ಮುಟ್ಟದ ಮನೆತನ.

ಇಕ್ಕೇರಿಯ ಮೂಡಲಿಗೆ, ಅಂಬ್ಲಿಗೊಳದ ಸುತ್ತಮುತ್ತ ಇವತ್ತಿಗೂ ಹಂದಿ ಎಂದರೆ ಮೊದಲು ನೆನಪಾಗುವುದು ಊಟವಲ್ಲ, ಬೆಳೆ. ಜಲಾಶಯದ ಆಸುಪಾಸಿನ ಜೋಳ, ಭತ್ತ, ಶುಂಠಿಗೆ ರಾತ್ರಿ ಬೀಳುವ ಕಾಡುಹಂದಿ. ಮಾಳದ ಮೇಲೆ ಕೂತು ಡಬ್ಬ ಬಡಿಯುವುದು, ಪಟಾಕಿ ಹೊಡೆಯುವುದು, ಬೇಲಿಗೆ ಹಳೆ ಸೀರೆ ಕಟ್ಟುವುದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅನುಮತಿಯಿಲ್ಲದೆ ಹೊಡೆಯುವ ಹಾಗಿಲ್ಲ. ಅದಕ್ಕೆ ಮುಂಚೆ ಶಿಕಾರಿ ಮಲೆನಾಡಿನ ಬದುಕಿನ ಒಂದು ಭಾಗವೇ ಆಗಿತ್ತು. ಪಾಲಿನ ಲೆಕ್ಕವೂ ಇತ್ತು: ಈಡು ಹೊಡೆದವನಿಗೆ ಇಷ್ಟು, ಸೋವಿನವರಿಗೆ ಇಷ್ಟು, ನಾಯಿಗೂ ಒಂದು ಪಾಲು. ಕಾಡುಹಂದಿಯಾದರೆ ಸರಿ, ಊರುಹಂದಿ ಬೇಡವೇ ಬೇಡ ಎನ್ನುವ ಮನೆಗಳು ಆಗಲೂ ಇದ್ದವು, ಈಗಲೂ ಇವೆ. ಪ್ರಾಣಿ ಒಂದೇ, ಮಡಿ ನಿಂತಿರುವುದು ಅದು ಏನು ತಿಂದು ಬೆಳೆಯಿತು, ಯಾರು ಸಾಕಿದರು ಎಂಬುದರ ಮೇಲೆ. ಹಂದಿ ಸಾಕುವ ಹಂದಿಜೋಗಿಗಳನ್ನು ಊರು ಎಷ್ಟು ದೂರ ಇಟ್ಟಿತೋ ಅವರ ಹಂದಿಯನ್ನೂ ಅಷ್ಟೇ ದೂರ ಇಟ್ಟಿತು.

ಆದರೆ ಇದೇ ನೆಲ ಹಂದಿಯನ್ನು ತಲೆಯ ಮೇಲೆ ಹೊತ್ತ ಕಾಲವೂ ಇತ್ತು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಕಲ್ಯಾಣದ ಚಾಲುಕ್ಯರಿಗೆ ಬನವಾಸಿ ನಾಡಿನ ಆಡಳಿತದ ಪಟ್ಟಣ. ಅವರ ಲಾಂಛನ ವರಾಹ, ನಾಣ್ಯದ ಹೆಸರೂ ವರಾಹ. ಆ ವಂಶದ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಊಟಕ್ಕೇ ಒಂದು ಭಾಗವಿದೆ. ಹಂದಿಯ ಮೈಗೆ ಬಟ್ಟೆ ಹೊದಿಸಿ, ಕುದಿನೀರು ಹೊಯ್ದು ಕೂದಲು ತೆಗೆಯುವುದು, ಬೆಂಕಿಯಲ್ಲಿ ಸುಡುವುದು, ತಾಳೆಗರಿಯ ಹಾಗೆ ತೆಳ್ಳಗೆ ಸೀಳುವುದು ಎಲ್ಲ ಅಲ್ಲಿ ಬರುತ್ತದೆ. ದೇವರ ಅವತಾರ, ರಾಜ್ಯದ ಮುದ್ರೆ, ಅರಸನ ತಟ್ಟೆ, ಮೂರರಲ್ಲೂ ಹಂದಿ. ಈಗಿನವರಿಗೆ ಇದು ಇರುಸುಮುರುಸು ತರಬಹುದು. ಆಗಿನವರಿಗೆ ತಂದ ಹಾಗೆ ಕಾಣುವುದಿಲ್ಲ.

ಆ ತಾಳೆಗರಿಯ ಸೀಳನ್ನು ನೆನಪಿಟ್ಟುಕೊಳ್ಳಿ. ಹಂದಿಮಾಂಸ ಕೆಡದಂತೆ ಇಡುವ ಕಲೆ ಇಟಲಿಯಲ್ಲಿ ಒಂದು ದಾರಿ, ನಮ್ಮಲ್ಲಿ ಇನ್ನೊಂದು ದಾರಿ ಹಿಡಿದದ್ದು ತುಂಡಿನ ದಪ್ಪದಲ್ಲಿ.

ಕೊಬ್ಬಿಲ್ಲದ ಹಸಿ ಮಾಂಸದಲ್ಲಿ ಮುಕ್ಕಾಲು ಪಾಲು ನೀರು. ಕೊಳೆಸುವ ಜೀವಿಗಳಿಗೆ ಬೇಕಾದದ್ದೂ ಆ ನೀರೇ. ಉಪ್ಪು ಒಂದಷ್ಟು ನೀರನ್ನು ಹೊರಗೆಳೆಯುತ್ತದೆ, ಉಳಿದದ್ದನ್ನು ಆ ಜೀವಿಗಳಿಗೆ ದಕ್ಕದಂತೆ ಹಿಡಿದಿಡುತ್ತದೆ. ಮಿಕ್ಕ ಕೆಲಸ ಗಾಳಿಯದು. ಕಷ್ಟವೆಲ್ಲ ಉಪ್ಪಿನ ನಡಿಗೆಯಲ್ಲಿದೆ: ಅದು ಮಾಂಸದೊಳಗೆ ಬಹಳ ನಿಧಾನ ಇಳಿಯುತ್ತದೆ. ಇಟಲಿಯ ಪಾರ್ಮಾದಲ್ಲಿ ಹತ್ತು ಕಿಲೋ ಮೀರಿದ ಇಡೀ ತೊಡೆಗೆ ಸಮುದ್ರದ ಉಪ್ಪು ಸವರಿ, ನೀರು ಹೆಪ್ಪುಗಟ್ಟುವುದಕ್ಕೆ ಎರಡು ಮೂರು ಡಿಗ್ರಿ ಮೇಲಿನ ಚಳಿಯಲ್ಲಿ ವಾರಗಟ್ಟಲೆ ಮಲಗಿಸುತ್ತಾರೆ. ಉಪ್ಪು ಮೂಳೆ ಮುಟ್ಟುವವರೆಗೂ ಚಳಿ ಮಾಂಸವನ್ನು ಕಾಯುತ್ತದೆ. ಆಮೇಲೆ ತಿಂಗಳುಗಟ್ಟಲೆ ಗಾಳಿ. ಲಾಂಗಿರಾನೊ ಎಂಬ ಗುಡ್ಡದೂರಿನ ಹಳೆಯ ಗೋದಾಮುಗಳಿಗೆ ಎದುರುಬದುರಾಗಿ ಉದ್ದುದ್ದ ಕಿಟಕಿಗಳು. ಕಡಲಿನ ಕಡೆಯಿಂದ ಬೆಟ್ಟಸಾಲು ದಾಟಿ ಒಣಗಿ ಬರುವ ಗಾಳಿ ಹಾದುಹೋಗಲೆಂದೇ ಮಾಡಿದವು. 1963ರಲ್ಲಿ ಅಲ್ಲಿನ ತಯಾರಕರು ಒಕ್ಕೂಟ ಕಟ್ಟಿಕೊಂಡರು. ಹಂದಿ ಮತ್ತು ಉಪ್ಪು ಬಿಟ್ಟು ಬೇರೇನೂ ಸೇರಬಾರದು, ವರ್ಷ ಮೀರಿ ಮಾಗಿರಬೇಕು ಎಂಬ ಕಟ್ಟುಪಾಡು. ಕುದುರೆ ಮೂಳೆಯ ಸೂಜಿಯನ್ನು ತೊಡೆಗೆ ಚುಚ್ಚಿ ತೆಗೆದು ಮೂಸುವವನ ಮೂಗೇ ಕೊನೆಯ ತೀರ್ಪು.

ಇದೇ ತೊಡೆಯನ್ನು ಆಷಾಢದಲ್ಲಿ ಅಂಬ್ಲಿಗೊಳಕ್ಕೆ ತನ್ನಿ. ಉಪ್ಪು ಅರ್ಧ ದಾರಿ ಹೋಗುವಷ್ಟರಲ್ಲಿ ಮೂಳೆಯ ಬದಿ ನಾರಿರುತ್ತದೆ. ಹೊರಗೆ ತೂಗುಹಾಕೋಣವೆಂದರೆ ಗಾಳಿಯೇ ಒದ್ದೆ. ಗೋಡೆಗೆ ಒರಗಿಸಿಟ್ಟ ಚಪ್ಪಲಿಗೂ ಬೂಷ್ಟು ಹಿಡಿಯುವ ಕಾಲ. ಹಾಗಾಗಿ ಇಲ್ಲಿಯವರು ದಪ್ಪವನ್ನೇ ಕೈಬಿಟ್ಟರು. ಎರಡು ಬೆರಳಗಲದ ಉದ್ದುದ್ದ ಸೀಳು, ಅದಕ್ಕೆ ಉಪ್ಪು, ಅರಿಸಿನ. ಸೀಳು ತೆಳುವಾದರೆ ಉಪ್ಪು ದಿನದೊಳಗೆ ನಡುವಿಗೆ ಮುಟ್ಟುತ್ತದೆ. ಬಿಸಿಲಿದ್ದರೆ ಬಿಸಿಲು, ಇಲ್ಲದಿದ್ದರೆ ಬಿದಿರ ಕಡ್ಡಿಗೋ ಸರಿಗೆಗೋ ಪೋಣಿಸಿ ಒಲೆಯ ಮೇಲಿನ ಅಟ್ಟಕ್ಕೆ. ಹಳೆ ಮೈಸೂರಿನ ಕಡೆ ಕೊರಬಾಡು ಎನ್ನುವ ಒಣಮಾಂಸಕ್ಕೆ ಬಿಸಿಲು ಸಾಕು. ಮಲೆನಾಡಿಗೆ ಹೊಗೆಯೇ ಬೇಕು.

ಈ ಅಟ್ಟದ ಬಗ್ಗೆ ಸ್ವಲ್ಪ ಹೇಳಬೇಕು. ಇಲ್ಲಣ ಕಟ್ಟಿ ಕಪ್ಪಾದ ಮಾಡಿನ ಕೆಳಗೆ, ಒಲೆಗೆ ನೆಟ್ಟಗೆ ಮೇಲೆ ಬಿದಿರಿನ ತಡಿಕೆ. ಬಿತ್ತನೆ ಬೀಜ, ಒಣಗದ ಅಡಿಕೆ, ಮುರುಗಲು ಸಿಪ್ಪೆ, ಮಳೆಗಾಲಕ್ಕೆಂದು ಕೂಡಿಟ್ಟ ಪುಳ್ಳೆ, ಹೊಸ ಬುಟ್ಟಿ, ಎಲ್ಲಕ್ಕೂ ಅದೇ ಜಾಗ. ಬೆಳಗಿನ ಬಚ್ಚಲ ನೀರಿನಿಂದ ರಾತ್ರಿಯ ಗಂಜಿಯವರೆಗೆ ಕೆಳಗೆ ಬೆಂಕಿ ಆರದ್ದರಿಂದ ಅಟ್ಟದ ಗಾಳಿ ಯಾವಾಗಲೂ ಬೆಚ್ಚಗೆ, ಒಣ. ಸೌದೆ ಹೊಗೆಯಲ್ಲಿರುವ ಫೀನಾಲ್, ಆಮ್ಲ, ಫಾರ್ಮಾಲ್ಡಿಹೈಡ್ ಮಾಂಸದ ಮೇಲ್ಮೈಗೆ ಕೂತು ಬೂಷ್ಟನ್ನೂ ನೊಣವನ್ನೂ ದೂರ ಇಡುತ್ತವೆ. ಕೊಬ್ಬು ಕನರು ಹಿಡಿಯುವುದೂ ನಿಧಾನವಾಗುತ್ತದೆ. ಕೊಡಗಿನಲ್ಲಿ ಈ ಪದ್ಧತಿ ಇನ್ನೂ ಗಟ್ಟಿ. ಅಲ್ಲಿ ಹೊಗೆಯ ಜೊತೆಗೆ ಕಾಚಂಪುಳಿಯೂ ಇದೆ: ಹಣ್ಣಾದ ಹುಳಿಕಾಯಿಯನ್ನು ರಾಶಿ ಹಾಕಿ, ಸೋರಿದ ರಸವನ್ನು ಕುದಿಸಿ ಕುದಿಸಿ ಇಳಿಸಿದ ಕಪ್ಪು ಪಾಕ. ಅದೇ ಮರ ಸಾಗರ, ಸಿದ್ದಾಪುರದ ಕಾಡಿನಲ್ಲಿ ಉಪ್ಪಾಗೆ. ನಮ್ಮವರು ಅದರ ಸಿಪ್ಪೆ ಒಣಗಿಸಿ ಮಾರಿದರು, ಬೀಜದಿಂದ ತುಪ್ಪ ತೆಗೆದರು. ಹಂದಿಗೆ ಅದರ ಹುಳಿ ಹಿಡಿಸಿ ಹೆಸರು ಮಾಡಿದವರು ಮಾತ್ರ ಕೊಡವರು.

ಘಟ್ಟದ ಕೆಳಗಿನವರು ಹಿಡಿದದ್ದು ಮೂರನೆಯ ದಾರಿ. 1510ರಲ್ಲಿ ಗೋವೆ ಹಿಡಿದ ಪೋರ್ಚುಗೀಸರು ತಮ್ಮೂರಿನ ಶೊರೀಸೊ ಎಂಬ ಸಾಸೇಜನ್ನೂ ತಂದಿದ್ದರು. ಅಲ್ಲಿನ ದ್ರಾಕ್ಷಾರಸದ ಜಾಗಕ್ಕೆ ಇಲ್ಲಿ ತೆಂಗಿನ ಕಳ್ಳಿನ ಹುಳಿ ಬಂತು, ಅವರೇ ಅಮೆರಿಕದಿಂದ ತಂದ ಒಣಮೆಣಸು ಕೈತುಂಬ ಬಿತ್ತು. ಉಪ್ಪು ಹಿಡಿಸಿದ ಹಂದಿ, ಮಸಾಲೆ, ಹುಳಿ ಕಲಸಿ ಕರುಳಿಗೆ ತುಂಬಿ ಬಿಸಿಲಿಗೆ ಒಣಗಿಸಿ, ಮಳೆ ಹಿಡಿಯುವ ಮೊದಲೇ ಸಂಗ್ರಹಕ್ಕಿಡುವುದು ಗೋವೆಯಲ್ಲಿ ಇಂದಿಗೂ ಮೇ ತಿಂಗಳ ಕೆಲಸ. ಗೋವೆಯಿಂದ ಕೆನರಾಕ್ಕೆ ಬಂದು ನೆಲೆಸಿದ ಕ್ರೈಸ್ತರ ಮಂಗಳೂರಿನ ಮನೆಗಳಲ್ಲಿ ದುಕ್ರಾಮಾಸ್ ಎಂಬ ಹಂದಿಯಡುಗೆ ಹಬ್ಬದ ಊಟ. ಆ ಮನೆತನಗಳು ಘಟ್ಟ ಹತ್ತಿದಲ್ಲೆಲ್ಲ ಅದರ ಬಫಾತ್ ಪುಡಿಯೂ ಹತ್ತಿತು. ಬೆಂಗಳೂರಿನ ದಂಡುಪ್ರದೇಶದಲ್ಲಿ ಬ್ರಿಟಿಷರ ಬೇಕನ್ನು, ಹ್ಯಾಮು ಬೇರೆಯೇ ದಾರಿಯಲ್ಲಿ ಬಂದವು, ಎಂ.ಜಿ. ರಸ್ತೆಯ ‘ಬ್ಯಾಂಗಳೂರ್ ಹ್ಯಾಮ್ ಶಾಪ್’ ಹೆಸರು ಹಳೆ ಬೆಂಗಳೂರಿನವರಿಗೆ ಗೊತ್ತು.

ಇಟಲಿಯದೆಲ್ಲ ಬರೀ ಗಾಳಿಯ ಕಸುಬು ಎಂದುಕೊಳ್ಳುವುದೂ ಬೇಡ. ಕ್ರಿ.ಪೂ. ಎರಡನೆಯ ಶತಮಾನದಲ್ಲಿ ರೋಮಿನ ಕೇಟೊ ಬರೆದ ಬೇಸಾಯದ ಪುಸ್ತಕದ ಕೊನೆಯಲ್ಲಿ ಹಂದಿತೊಡೆಗೆ ಉಪ್ಪು ಹಾಕುವ ಕ್ರಮವಿದೆ: ಜಾಡಿಯಲ್ಲಿ ಉಪ್ಪಿನ ಹಾಸಿನ ಮೇಲೆ 12 ದಿನ, ನಡುವೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಎರಡು ದಿನ ಗಾಳಿಗೆ. ಎಣ್ಣೆ ಸವರಿ ಎರಡು ದಿನ ಹೊಗೆಗೆ. ಕೊನೆಗೆ ಎಣ್ಣೆ, ಹುಳಿ ಹಚ್ಚಿ ಮಾಂಸದ ಕೋಣೆಯಲ್ಲಿ ತೂಗುಹಾಕುವುದು. ಉಪ್ಪು, ಗಾಳಿ, ಹೊಗೆ, ಹುಳಿ ನಾಲ್ಕೂ ಒಂದೇ ತೊಡೆಯ ಮೇಲೆ. ಕರಾರಾದ ಅಮೃತಶಿಲೆಯ ಗಣಿಯ ಪಕ್ಕದ ಕೊಲೊನ್ನಾತಾದಲ್ಲಿ ಬೆನ್ನಿನ ಕೊಬ್ಬನ್ನು ಬೆಳ್ಳುಳ್ಳಿ ತಿಕ್ಕಿದ ಅಮೃತಶಿಲೆಯ ತೊಟ್ಟಿಯಲ್ಲಿ ಉಪ್ಪಿನೊಂದಿಗೆ ಆರು ತಿಂಗಳು ಇಡುತ್ತಾರೆ. ಉತ್ತರದ ತುದಿಯ ಆಲ್ಟೊ ಆದಿಜೆ ಗುಡ್ಡಗಾಡಿನಲ್ಲಿ ತೊಡೆಯ ಮೂಳೆ ಬಿಡಿಸಿ, ತಣ್ಣನೆಯ ತೆಳು ಹೊಗೆ ಕೊಟ್ಟು, ಮತ್ತೆ ಗಾಳಿಗೆ ಬಿಡುತ್ತಾರೆ, ಅದು ಸ್ಪೆಕ್.

ಮನೆಯಲ್ಲೇ ಇಟಲಿಯ ಹಂದಿ ಮಾಡುತ್ತೇನೆ ಎಂದು ಹೊರಡುವ ನಮ್ಮವರು ಸಾಮಾನ್ಯವಾಗಿ ಪಾರ್ಮಾದ ತೊಡೆಯ ಕನಸು ಕಾಣುತ್ತಾರೆ. ನನ್ನ ಮಟ್ಟಿಗೆ ಅದು ತಪ್ಪು ವಿಳಾಸ. ಮಲೆನಾಡಿನವರು ಹಿಡಿಯಬೇಕಾದದ್ದು ಸ್ಪೆಕ್‌ನ ಜಾಡು, ಇಲ್ಲವೇ ಹೊಟ್ಟೆಯ ಪದರದಿಂದ ಮಾಡುವ ಪಂಚೆಟ್ಟಾ. ಇವು ತೆಳುವಾದ ತುಂಡುಗಳು, ಮೂಳೆಯಿಲ್ಲ. ಉಪ್ಪು ಬೇಗ ಇಳಿಯುತ್ತದೆ, ಹೊಗೆಗೂ ಬಾಗುತ್ತವೆ.

ಆದರೆ ಹೊಗೆಯೇ ಈಗ ಮನೆ ಬಿಟ್ಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆ ಕರ್ನಾಟಕದ ಹಳ್ಳಿಗಳಿಗೆ ಬಂದಾಗ ಹೊಗೆ ಚಿಮಣಿ ಹಿಡಿದು ಹೊರಗೆ ಹೋಯಿತು. 2016ರ ಉಜ್ವಲಾ ಯೋಜನೆಯ ಸಿಲಿಂಡರು ಒಲೆಯನ್ನೇ ಹಿತ್ತಲಿಗೆ ಕಳಿಸಿತು. ಹೆಂಗಸರ ಕಣ್ಣುರಿ, ಕೆಮ್ಮು ಇಳಿದದ್ದರ ಮುಂದೆ ಅಟ್ಟ ಹೋದದ್ದಕ್ಕೆ ಮರುಗುವುದು ಉಣ್ಣುವವರ ಚಪಲ ಮಾತ್ರ. ಈಗ ಚಳಿಯೂ ಒಣಗಾಳಿಯೂ ಸಿಗುವ ಜಾಗ ಫ್ರಿಜ್ಜು.

ಅದರಲ್ಲಿ ಮಾಡುವ ಪಂಚೆಟ್ಟಾಗೆ ಕೈಅಂದಾಜು ನಡೆಯದು. ಒಂದು ಕಿಲೋ ಹೊಟ್ಟೆಭಾಗಕ್ಕೆ ಎಲ್ಲ ಸೇರಿ 25ರಿಂದ 28 ಗ್ರಾಂ ಉಪ್ಪು. ಅದರೊಳಗೇ 2.5 ಗ್ರಾಂ ಕ್ಯೂರಿಂಗ್ ಉಪ್ಪು, ಅಂದರೆ ನೂರಕ್ಕೆ 6.25 ಪಾಲು ಸೋಡಿಯಂ ನೈಟ್ರೈಟ್ ಬೆರೆಸಿದ ಉಪ್ಪು. ಗ್ರಾಮಿನ ಹತ್ತನೆಯ ಪಾಲು ತೋರಿಸುವ ತಕ್ಕಡಿ ಇಲ್ಲದವರು ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ನೈಟ್ರೈಟ್ ಜಾಸ್ತಿಯಾದರೆ ವಿಷ. ಊಟದ ಉಪ್ಪೆಂದು ತಪ್ಪು ತಿಳಿಯಬಾರದೆಂದೇ ಅದಕ್ಕೆ ಗುಲಾಬಿ ಬಣ್ಣ ಹಾಕುತ್ತಾರೆ. ನಮ್ಮಲ್ಲಿ ಅದೇ ಎಡವಟ್ಟಿಗೆ ದಾರಿ, ಏಕೆಂದರೆ ಸೈಂಧವ ಲವಣವೂ ಗುಲಾಬಿಯೇ. ಸೈಂಧವ ಹಾಕಿ ನೈಟ್ರೈಟ್ ಹಾಕಿದೆ ಎಂದು ನಂಬುವುದೂ ಅಪಾಯ, ನೈಟ್ರೈಟನ್ನು ಸೈಂಧವದ ಡಬ್ಬಿಯಲ್ಲಿಡುವುದು ಅದಕ್ಕಿಂತ ಅಪಾಯ.

ನೈಟ್ರೈಟ್ ಬೇಕೇ ಬೇಕೇ ಎಂದರೆ, 1895ರಲ್ಲಿ ಬೆಲ್ಜಿಯಂನ ಎಲೆಜೆಲ್ ಎಂಬ ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ಬಂದ ವಾದ್ಯದವರು ಬೇಯಿಸದ ಹ್ಯಾಮ್ ತಿಂದು ಹಾಸಿಗೆ ಹಿಡಿದರು, ಮೂವರು ಸತ್ತರು. ಎಮಿಲ್ ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ಆ ಹ್ಯಾಮಿನಲ್ಲೇ ಗಾಳಿ ಸೋಕದ ಕಡೆ ಬೆಳೆಯುವ ಬಾಟ್ಯುಲಿಸಂ ರೋಗಾಣುವನ್ನು ಪತ್ತೆ ಮಾಡಿದ. ನೈಟ್ರೈಟ್ ತಡೆಯುವುದು ಅದನ್ನು. ಮಾಂಸದ ಕೆಂಪು ಉಳಿಸುವುದೂ ನೈಟ್ರೈಟೇ. ಹಿಂದೆ ಈ ಕೆಲಸಕ್ಕೆ ಯುರೋಪಿನವರು ಬಳಸುತ್ತಿದ್ದದ್ದು ಪೆಟ್ಲುಪ್ಪು. ಈಸ್ಟ್ ಇಂಡಿಯಾ ಕಂಪನಿ ಬಿಹಾರದಿಂದ ಹಡಗುಗಟ್ಟಲೆ ಒಯ್ದದ್ದು ಮದ್ದುಗುಂಡಿಗೆ ಬೇಕಾಗಿದ್ದ ಅದೇ ಉಪ್ಪು. ನಮ್ಮ ಅಟ್ಟದ ಸೀಳು ತೆಳುವಾಗಿ, ಕಟ್ಟಿಗೆಯಂತೆ ಒಣಗಿ, ಸಾರಿನಲ್ಲಿ ಚೆನ್ನಾಗಿ ಕುದಿಯುತ್ತಿದ್ದರಿಂದ ಅದಕ್ಕೆ ಪೆಟ್ಲುಪ್ಪಿನ ಗೊಡವೆ ಬರಲಿಲ್ಲ. ಇನ್ನೊಂದು ಮಾತು: 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಗೆ ಸೇರಿಸಿತು. ದಿನದ ಪಲ್ಯವಲ್ಲ ಇದು.

ಮಾಂಸ ಎಲ್ಲಿಂದ ಬಂತೆಂಬುದನ್ನೂ ನೋಡಬೇಕು. ಬೀದಿ ಮೇದ ಹಂದಿಯಲ್ಲಿ ಲಾಡಿಹುಳುವಿನ ಮರಿಗಳಿರಬಹುದು. ತಿಂದವರ ಕರುಳಿನಲ್ಲಿ ಅವು ಹುಳುವಾಗುತ್ತವೆ, ಆ ಹುಳುವಿನ ಮೊಟ್ಟೆ ಬಾಯಿಗೆ ಸೇರಿ ಮರಿ ಮಿದುಳಿಗೆ ಹೋದರೆ ಅಪಸ್ಮಾರ. ಕೊಟ್ಟಿಗೆಯಲ್ಲಿ ಸಾಕಿದ ಯಾರ್ಕ್‌ಶೈರ್ ಹಂದಿಯನ್ನೇ ಕೊಂಡು, ಮೊದಲು ಫ್ರೀಜರಿನಲ್ಲಿ ಮೈನಸ್ 15 ಡಿಗ್ರಿಗೂ ಕೆಳಗೆ ಮೂರು ದಿನಕ್ಕೆ ಕಡಿಮೆಯಿಲ್ಲದಂತೆ ಇಟ್ಟು ಆಮೇಲೆ ಉಪ್ಪು ಹಾಕುವುದು ಜಾಣತನ.

ಉಪ್ಪಿನ ಜೊತೆ ಕುಟ್ಟಿದ ಕಾಳುಮೆಣಸು, ಬೆಳ್ಳುಳ್ಳಿ, ಜಾಯಿಕಾಯಿ ಹಚ್ಚಿ ಚೀಲದಲ್ಲಿ ಮುಚ್ಚಿ, ಫ್ರಿಜ್ಜಿನಲ್ಲಿ ಹತ್ತು ದಿನ, ದಿನಕ್ಕೊಮ್ಮೆ ಮಗುಚುತ್ತ. ತೊಳೆದು ಒರೆಸಿ, ತೆಳು ಬಟ್ಟೆ ಸುತ್ತಿ ಅಲ್ಲೇ ತೂಗುಹಾಕಿದರೆ ಮೂರು ನಾಲ್ಕು ವಾರಕ್ಕೆ ತೂಕ ಮೂರರಲ್ಲೊಂದು ಪಾಲು ಇಳಿಯುತ್ತದೆ. ತಕ್ಕಡಿ ಹಾಗೆಂದ ಮೇಲೆಯೇ ಬಟ್ಟೆ ಬಿಚ್ಚಬೇಕು. ಹಿತ್ತಲಲ್ಲಿ ಇನ್ನೂ ಒಲೆ ಉಳಿದವರು ತೂಗುಹಾಕುವ ಮುಂಚೆ ಒಂದು ಚಳಿಯ ರಾತ್ರಿ ಹಲಸಿನ ಸೌದೆಯ ತಣ್ಣನೆಯ ಹೊಗೆ ಕೊಡಬಹುದು. ಬೆಂಕಿ ದೂರವಿರಲಿ, ಕೊಬ್ಬು ಕರಗಬಾರದು. ದೀಪಾವಳಿ ಕಳೆದ ಮೇಲೆ ಉಪ್ಪು ಹಾಕಿದ್ದು ಕ್ರಿಸ್‌ಮಸ್ ಹೊತ್ತಿಗೆ ಸಿದ್ಧ. ಸಣ್ಣಗೆ ಹೆಚ್ಚಿ ಹಂಚಿನ ಮೇಲೆ ಅದರದೇ ಜಿಡ್ಡಿನಲ್ಲಿ ಪೂರ್ತಿ ಹುರಿದು, ಒಂದು ತೊಟ್ಟು ಉಪ್ಪಾಗೆ ಹುಳಿ ಬಿಟ್ಟು, ಅಕ್ಕಿರೊಟ್ಟಿಯ ಜೊತೆ ತಿನ್ನುವುದು.