ಹೈಸ್ಕೂಲು ವಿದ್ಯಾರ್ಥಿಯೂ ಸಂಶೋಧನಾಲಯದ ಅರ್ಜಿಯೂ: ಕೆಲವು ತಪ್ಪು ಕಲ್ಪನೆಗಳು

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಮನೆಗಳಲ್ಲಿ, ಮಗನೋ ಮಗಳೋ ಹನ್ನೊಂದನೆಯ ತರಗತಿಗೆ ಬಂದೊಡನೆ, ಬೇಸಿಗೆಯ ರಜೆಯನ್ನು ಯಾವುದಾದರೊಂದು ಜೀವವೈದ್ಯಕೀಯ ಸಂಶೋಧನಾಲಯದಲ್ಲಿ ಕಳೆಯಬೇಕೆಂಬ ಮಾತು ಏಳುವುದು ಈಗ ಸಾಮಾನ್ಯವಾಗಿದೆ. ಬೆಂಗಳೂರು ಮೈಸೂರುಗಳಲ್ಲಿ ಪಿ.ಯು.ಸಿ. ಓದುತ್ತಿರುವ ಅವರ ಚಿಕ್ಕಪ್ಪ, ಸೋದರಮಾವಂದಿರ ಮಕ್ಕಳೂ ಅದನ್ನು ಕೇಳಿ ಅದೇ ಆಸೆಯನ್ನು ತಳೆಯುತ್ತಾರೆ. ಆಸೆ ಶ್ಲಾಘ್ಯವಾದುದೇ. ಆದರೆ ಅದರ ಸುತ್ತ ಬೆಳೆದಿರುವ ನಂಬಿಕೆಗಳಲ್ಲಿ ಹಲವು ನಿರಾಧಾರವಾದುವು. ಅವುಗಳ ದೆಸೆಯಿಂದ ಯೋಗ್ಯರಾದ ಮಕ್ಕಳು ಅರ್ಜಿಯನ್ನೇ ಹಾಕದೆ ಉಳಿಯುವುದೂ, ಹಾಕಿದವರು ತಮ್ಮದಲ್ಲದ ಮಾತುಗಳನ್ನು ತುಂಬಿ ಕಳುಹಿಸುವುದೂ ನಡೆಯುತ್ತಿರುವುದರಿಂದ, ವಸ್ತುಸ್ಥಿತಿಯನ್ನು ಕೊಂಚ ವಿಸ್ತಾರವಾಗಿ ಹೇಳುವುದು ಅವಶ್ಯವೆಂದು ತೋರುತ್ತದೆ.

ಎಲ್ಲಕ್ಕಿಂತ ಆಳವಾಗಿ ಬೇರೂರಿರುವುದು, ಸಂಶೋಧನೆಯ ಪೂರ್ವಾನುಭವವಿಲ್ಲದವರಿಗೆ ಅಲ್ಲಿ ಪ್ರವೇಶವಿಲ್ಲ ಎಂಬ ನಂಬಿಕೆ. ಇಂಥ ಕಾರ್ಯಕ್ರಮಗಳು ಏರ್ಪಟ್ಟಿರುವುದೇ ಅನುಭವವಿಲ್ಲದವರಿಗೆ ಅದನ್ನು ದೊರಕಿಸಿಕೊಡುವುದಕ್ಕಾಗಿ. ಮೇನ್ ರಾಜ್ಯದ ಬಾರ್ ಹಾರ್ಬರ್ ಎಂಬ ಕಡಲತೀರದ ಊರಿನಲ್ಲಿ, ಇಲಿಗಳ ಆನುವಂಶಿಕತೆಯ ಅಧ್ಯಯನಕ್ಕಾಗಿ 1929ರಲ್ಲಿ ಸ್ಥಾಪಿತವಾದ ಜಾಕ್ಸನ್ ಪ್ರಯೋಗಶಾಲೆಗೆ, ಡೇವಿಡ್ ಬಾಲ್ಟಿಮೋರ್ ಎಂಬ ಹುಡುಗನು ಒಂದು ಬೇಸಿಗೆಯನ್ನು ಕಳೆಯಲು ಹೋದಾಗ ಅವನಿನ್ನೂ ಹೈಸ್ಕೂಲಿನಲ್ಲಿ ಓದುತ್ತಿದ್ದನು. ಅವನಿಗಿಂತ ಕೆಲವು ವರ್ಷ ಹಿರಿಯನಾದ ಹವರ್ಡ್ ಟೆಮಿನ್‌ನ ಪರಿಚಯವಾದದ್ದು ಅಲ್ಲಿಯೇ. ಆರ್‌ಎನ್‌ಎಯಿಂದ ಡಿಎನ್‌ಎಯನ್ನು ರಚಿಸುವ ಕಿಣ್ವವನ್ನು 1970ರಲ್ಲಿ ಅವರಿಬ್ಬರೂ ಬೇರೆ ಬೇರೆ ಪ್ರಯೋಗಶಾಲೆಗಳಲ್ಲಿ ಕಂಡುಹಿಡಿದು, 1975ರಲ್ಲಿ ರೆನಾಟೊ ಡುಲ್ಬೆಕೊ ಅವರೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಬೇಸಿಗೆಗೆ ಹೋದವರೆಲ್ಲರೂ ಆ ಎತ್ತರಕ್ಕೆ ಏರುವರೆಂದು ಹೇಳುವುದು ನನ್ನ ಉದ್ದೇಶವಲ್ಲ. ಅಂಥವರೂ ಮೊದಲು ಏನೂ ತಿಳಿಯದ ಶಿಷ್ಯರಾಗಿಯೇ ಒಳಗೆ ಹೋದರು ಎಂಬುದನ್ನಷ್ಟೇ ನೆನಪಿಸುತ್ತಿದ್ದೇನೆ.

ಅಲ್ಲಿ ಮೊದಲ ವಾರ ಕಲಿಸುವುದಾದರೂ ಏನು? ಬಹುಪಾಲು ಕಡೆ, ದ್ರವವನ್ನು ಅಳೆದು ಹೀರುವ ಪಿಪೆಟ್ ಹಿಡಿಯುವುದನ್ನು. ಅದರ ಗುಂಡಿಯನ್ನು ಒತ್ತುವಾಗ ಹೆಬ್ಬೆರಳಿಗೆ ಎರಡು ತಡೆಗಳು ಸಿಗುತ್ತವೆ: ಮೊದಲನೆಯ ತಡೆಯವರೆಗೆ ಒತ್ತಿ ದ್ರವವನ್ನು ಹೀರಿಕೊಳ್ಳಬೇಕು, ಹೊರಹಾಕುವಾಗ ಮಾತ್ರ ಎರಡನೆಯದಕ್ಕೆ ಹೋಗಬೇಕು, ಹೊಸಬನು ಹೀರುವಾಗಲೇ ಎರಡನೆಯ ತಡೆಗೆ ಒತ್ತಿಬಿಟ್ಟರೆ ದ್ರವ ಹೆಚ್ಚಾಗಿ ಬಂದು ಪ್ರಯೋಗ ಕೆಡುತ್ತದೆ. ಆದುದರಿಂದ ಅವನನ್ನು ತಕ್ಕಡಿಯ ಮುಂದೆ ಕುಳ್ಳಿರಿಸಿ, 100 ಮೈಕ್ರೋಲೀಟರ್ ನೀರು ಪ್ರತಿಸಲವೂ 100 ಮಿಲಿಗ್ರಾಂ ತೂಗುವವರೆಗೆ ಅಭ್ಯಾಸ ಮಾಡಿಸುತ್ತಾರೆ. ಈ ಕಲಿಕೆಗೆ ಬೇಕಾದುದು ಸಹನೆ, ಪ್ರಾಮಾಣಿಕತೆ, ತಪ್ಪಾದುದನ್ನು ತಪ್ಪಾಯಿತೆಂದೇ ದಿನಚರಿಯ ಪುಸ್ತಕದಲ್ಲಿ ಬರೆದಿಡುವ ಧೈರ್ಯ.

ಅಂಕಗಳೇ ಸರ್ವಸ್ವವೆಂಬುದು ಇನ್ನೊಂದು ಭ್ರಾಂತಿ. ಅಂಕಗಳು ಬೇಡವೆಂದಲ್ಲ, ಆದರೆ ಪ್ರಸಿದ್ಧ ಕಾರ್ಯಕ್ರಮಗಳಿಗೆ ಅರ್ಜಿ ಹಾಕುವವರಲ್ಲಿ ಹೆಚ್ಚಿನವರು ಉತ್ತಮ ಅಂಕಗಳನ್ನು ಪಡೆದವರೇ ಆಗಿರುವುದರಿಂದ, ಅವುಗಳ ಮೇಲೆ ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸುವುದು ಸಾಧ್ಯವಾಗದು. ಬೇರ್ಪಡಿಸುವುದು ಪ್ರಬಂಧವೂ ಅಧ್ಯಾಪಕರ ಶಿಫಾರಸು ಪತ್ರವೂ. ಈ ಹುಡುಗಿ ಬುದ್ಧಿವಂತೆ, ವಿಧೇಯಳು ಎಂದಷ್ಟೇ ಬರೆದ ಪತ್ರದಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ. ಪಾಠ ಮುಗಿದ ಮೇಲೂ ಉಳಿದುಕೊಂಡು ಅವಳು ಕೇಳಿದ ಒಂದು ಪ್ರಶ್ನೆಯನ್ನು ಉದಾಹರಿಸಿದ ಪತ್ರದಿಂದ ಬಹಳ ತಿಳಿಯುತ್ತದೆ. ಎಂತಲೇ, ಹೆಸರುವಾಸಿಯಾದ ಪರಿಚಯಸ್ಥರಿಗಿಂತ, ತನ್ನನ್ನು ತರಗತಿಯಲ್ಲಿ ದಿನವೂ ಕಂಡ ಜೀವಶಾಸ್ತ್ರದ ಮೇಡಂ ಅವರನ್ನು ಕೇಳಿಕೊಳ್ಳುವುದು ಲೇಸು.

ಪ್ರಬಂಧದ ವಿಷಯದಲ್ಲಿಯೂ ಇಂಥದೇ ಒಂದು ತಪ್ಪು ಗ್ರಹಿಕೆಯಿದೆ. ಕ್ಯಾನ್ಸರನ್ನು ಲೋಕದಿಂದ ತೊಲಗಿಸುವೆನೆಂಬ ಮಹಾಸಂಕಲ್ಪವನ್ನು ಸಾರಬೇಕೆಂದು ಮಕ್ಕಳು ಭಾವಿಸುತ್ತಾರೆ, ತಂದೆತಾಯಿಗಳೂ ಅದನ್ನೇ ಹೇಳಿಕೊಡುತ್ತಾರೆ. ಶಾಲೆಯ ಕೊಳದ ನೀರನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಜೀವಿಗಳ ಎಣಿಕೆ ಮಳೆ ಬಂದ ಮರುದಿನ ಇಳಿದುಹೋದದ್ದೇಕೆ ಎಂದು ಚಿಂತಿಸಿ, ಎರಡು ಕಾರಣಗಳನ್ನು ಊಹಿಸಿ, ಅವುಗಳಲ್ಲಿ ಒಂದು ಸುಳ್ಳಾದ ಬಗೆಯನ್ನು ನೇರವಾಗಿ ಬರೆದ ವಿದ್ಯಾರ್ಥಿಯ ಪ್ರಬಂಧ ಆ ಸಂಕಲ್ಪಕ್ಕಿಂತ ಎಷ್ಟೋ ಪಾಲು ಮೇಲು. ಏಕೆಂದರೆ ಸಂಶೋಧನೆಯೆಂಬುದು ದಿನದಿನವೂ ನಡೆಯುವುದು ಆ ರೀತಿಯಲ್ಲಿಯೇ.

ಅರ್ಹತೆಯ ನಿಯಮಗಳನ್ನು ಓದದೆ ಊಹಿಸಿಕೊಳ್ಳುವುದರಿಂದ ಆಗುವ ನಿರಾಶೆಯಂತೂ ನಮ್ಮವರಲ್ಲಿ ವಿಶೇಷವಾಗಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವೈದ್ಯಕೀಯ ಸಂಸ್ಥೆಗಳು ನಡೆಸುವ ಎಂಟು ವಾರಗಳ ಬೇಸಿಗೆ ಸಂಶೋಧನಾ ಕಾರ್ಯಕ್ರಮಕ್ಕೆ 16 ವರ್ಷ ತುಂಬಿರಬೇಕು, ಅಮೆರಿಕದ ಪೌರತ್ವವೋ ಗ್ರೀನ್ ಕಾರ್ಡೋ ಇರಬೇಕು. ಬೆಥೆಸ್ಡಾದಲ್ಲಿರುವ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್.ಐ.ಎಚ್., ಕೂಡ ಹೈಸ್ಕೂಲು ಮಕ್ಕಳಿಗೆ ಪೌರತ್ವದ ಅಥವಾ ಗ್ರೀನ್ ಕಾರ್ಡಿನ ಇದೇ ನಿಬಂಧನೆಯನ್ನು ಇಟ್ಟುಕೊಂಡು ಬಂದಿದೆ. ತಂದೆಯೋ ತಾಯಿಯೋ ಎಚ್-1ಬಿ ವೀಸಾದಲ್ಲಿದ್ದು ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಕಾಯುತ್ತಿರುವ ಮನೆಗಳ ಮಕ್ಕಳು, ಅಲ್ಲಿಯೇ ಬೆಳೆದು ಅಲ್ಲಿಯೇ ಓದಿದ್ದರೂ, ಈ ಬಾಗಿಲುಗಳ ಹೊರಗೆ ನಿಲ್ಲಬೇಕಾಗಿದೆ. ಇದು ನೋವಿನ ಸಂಗತಿ. ಆದರೆ ಅರ್ಜಿ ತುಂಬುವ ಮುನ್ನ ತಿಳಿದಿರಬೇಕಾದ ಸಂಗತಿ. ಎಂ.ಐ.ಟಿ.ಯಲ್ಲಿ ಬೇಸಿಗೆಯಲ್ಲಿ ಆರು ವಾರ ನಡೆಯುವ, ಬೋಧನೆಗೂ ಊಟ ವಸತಿಗೂ ಶುಲ್ಕವಿಲ್ಲದ ಆರ್.ಎಸ್.ಐ. ಎಂಬ ಕಾರ್ಯಕ್ರಮ ಮಾತ್ರ ಹೊರದೇಶದ ವಿದ್ಯಾರ್ಥಿಗಳನ್ನೂ ಸೇರಿಸಿಕೊಳ್ಳುತ್ತದೆ. ಅಲ್ಲಿನ ಸ್ಪರ್ಧೆಯೂ ಅಷ್ಟೇ ತೀವ್ರವಾದುದು. ಇನ್ನು ನಮ್ಮಲ್ಲಿ, ಸಿ. ವಿ. ರಾಮನ್ನರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು ಇತರ ಎರಡು ಅಕಾಡೆಮಿಗಳೊಡಗೂಡಿ ನೀಡುತ್ತ ಬಂದಿರುವ ಬೇಸಿಗೆ ಫೆಲೋಶಿಪ್ ಪದವಿ ತರಗತಿಯವರಿಗೂ ಅಧ್ಯಾಪಕರಿಗೂ ಮೀಸಲಾದುದು, ಪಿ.ಯು.ಸಿ.ಯವರು ಅದನ್ನು ಮುಂದಿನ ಗುರಿಯೆಂದು ಇಟ್ಟುಕೊಳ್ಳಬಹುದು.

ಒಂದೇ ಕಡೆಗೆ ಅರ್ಜಿ ಹಾಕಿ ಕಾದರೆ ಸಾಕೆಂದು ತಿಳಿಯುವುದೂ ಸರಿಯಲ್ಲ. ಎನ್.ಐ.ಎಚ್. ತನ್ನ 2025ರ ಬೇಸಿಗೆ ಇಂಟರ್ನ್‌ಶಿಪ್ಪನ್ನೇ ರದ್ದುಪಡಿಸಿದಾಗ, ಅದೊಂದನ್ನೇ ನಂಬಿದವರಿಗೆ ಬೇರೆ ದಾರಿ ಉಳಿಯಲಿಲ್ಲ. ಹತ್ತಿರದ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಿಗೆ ನೇರವಾಗಿ ಇಮೇಲ್ ಬರೆಯುವುದು ಅಗೌರವವಲ್ಲ. ಒಂದೇ ಒಕ್ಕಣೆಯನ್ನು ನೂರು ಮಂದಿಗೆ ಕಳುಹಿಸುವುದು ಅಗೌರವ. ಅವರ ಒಂದು ಲೇಖನವನ್ನು ನಿಜವಾಗಿ ಓದಿ, ಅದರಲ್ಲಿ ಅರ್ಥವಾಗದುದನ್ನೂ ಮನ ಸೆಳೆದುದನ್ನೂ ಎರಡು ವಾಕ್ಯಗಳಲ್ಲಿ ಹೇಳಿ, ತಾನು ಯಾವ ದಿನಗಳಲ್ಲಿ ಬರಬಲ್ಲೆನೆಂದು ತಿಳಿಸಿದ ಪತ್ರಕ್ಕೆ ಉತ್ತರ ಬರುವ ಸಂಭವ ಹೆಚ್ಚು. ಸಾವಿರಾರು ಡಾಲರ್ ಶುಲ್ಕ ತೆತ್ತು ಸೇರುವ ಶಿಬಿರಗಳೇ ಶ್ರೇಷ್ಠವೆಂಬುದೂ ಸುಳ್ಳು. ಮೇಲೆ ಹೆಸರಿಸಿದ ಕಾರ್ಯಕ್ರಮಗಳಲ್ಲಿ ಯಾವುದೂ ಬೋಧನಾ ಶುಲ್ಕ ಕೇಳುವುದಿಲ್ಲ.

ಬೇಸಿಗೆ ಮುಗಿಯುವುದರೊಳಗೆ ಪ್ರಬಂಧವೊಂದು ವಿಜ್ಞಾನಪತ್ರಿಕೆಯಲ್ಲಿ ಅಚ್ಚಾಗಬೇಕೆಂಬ ನಿರೀಕ್ಷೆಯನ್ನು ದಯವಿಟ್ಟು ಬಿಟ್ಟುಬಿಡಬೇಕು. ಪ್ರೋಟೀನನ್ನು ಗುರುತಿಸುವ ವೆಸ್ಟರ್ನ್ ಬ್ಲಾಟ್ ಎಂಬ ಒಂದು ಪರೀಕ್ಷೆಗೇ ಸಾಮಾನ್ಯವಾಗಿ ಎರಡು ದಿನ ಬೇಕು. ಪ್ರೋಟೀನನ್ನು ಜೆಲ್ಲಿನಿಂದ ಪೊರೆಗೆ ಸಾಗಿಸುವಾಗ ಅವೆರಡರ ನಡುವೆ ಗಾಳಿಯ ಗುಳ್ಳೆಯೊಂದು ಉಳಿದರೆ ಚಿತ್ರದಲ್ಲಿ ಆ ಜಾಗ ಬರಿದಾಗಿ, ಪುನಃ ಮೊದಲಿನಿಂದ ಆರಂಭಿಸಬೇಕು. ಎಂಟು ವಾರಗಳಲ್ಲಿ ಒಂದು ಪ್ರಶ್ನೆಯ ಒಂದು ಅಂಚನ್ನು ಮುಟ್ಟಿ, ಕಂಡುದನ್ನು ಪೋಸ್ಟರಿನಲ್ಲಿ ವಿವರಿಸಿ, ಕೇಳಿದವರಿಗೆ ಉತ್ತರ ಹೇಳಿದರೆ ಅದು ಪೂರ್ಣವಾದ ಯಶಸ್ಸು.

ಇಂಥ ಕಾರ್ಯಕ್ರಮಗಳಲ್ಲಿ ಹೆಚ್ಚಿನವುಗಳ ಅರ್ಜಿಗಳು ಚಳಿಗಾಲದಲ್ಲಿಯೇ ಮುಗಿದುಹೋಗುವುದರಿಂದ, ಅಧ್ಯಾಪಕರನ್ನು ಶಿಫಾರಸಿಗೆ ಕೇಳುವ ಕೆಲಸವನ್ನು ನವೆಂಬರ್ ತಿಂಗಳಿಗಿಂತ ತಡಮಾಡಬಾರದು. ತಂದೆತಾಯಿಗಳಲ್ಲಿ ನನ್ನ ವಿನಂತಿಯಿಷ್ಟೇ: ನಿಯಮಗಳನ್ನು ಮಕ್ಕಳೊಡನೆ ಕುಳಿತು ಓದಿರಿ, ದಿನಾಂಕಗಳನ್ನು ಗುರುತು ಹಾಕಿಕೊಡಿರಿ, ಆದರೆ ಪ್ರಬಂಧವನ್ನು ಅವರೇ ಬರೆಯಲು ಬಿಡಿರಿ.