ಕತ್ತರಿ ಯಾಕೆ ಅವಳಿಗೇ?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇ. 38ರಷ್ಟು ಮಂದಿ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡವರು, ಕರ್ನಾಟಕದಲ್ಲಿ ಶೇ. 57. ಗಂಡಂದಿರ ಪಾಲು ದೇಶದಲ್ಲಿ ಶೇ. 0.3. ವೈದ್ಯಕೀಯವಾಗಿ ಇದು ತಲೆಕೆಳಗು ಲೆಕ್ಕ: ಗಂಡಸರಿಗೆ ಮಾಡುವ ವ್ಯಾಸೆಕ್ಟಮಿಗೆ ಹೊಟ್ಟೆ ಕೊಯ್ಯಬೇಕಿಲ್ಲ, ಅಪಾಯವೂ ಕಡಿಮೆ. ಕಾರಣ ರಾಜಕೀಯದಲ್ಲಿದೆ. ತುರ್ತುಪರಿಸ್ಥಿತಿಯ 1976–77ರಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ, ಎಷ್ಟೋ ಕಡೆ ಬಲವಂತದಿಂದ, ಈ ಚಿಕಿತ್ಸೆಯಾಯಿತು. ಆ ಸಿಟ್ಟು ಚುನಾವಣೆಯಲ್ಲಿ ಹೊರಬಿತ್ತು. ಗಂಡಸರನ್ನು ಮುಟ್ಟಿದರೆ ಮತ ಹೋಗುತ್ತದೆಂದು ಕಲಿತ ಸರ್ಕಾರಗಳು ಹೆಂಗಸರತ್ತ ತಿರುಗಿದವು. 2014ರಲ್ಲಿ ಛತ್ತೀಸಗಡದ ಬಿಲಾಸಪುರದ ಬಳಿ ಒಂದೇ ಶಿಬಿರದಲ್ಲಿ, ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಬೇಕಾಯಿತು.

ಹೆಂಗಸರೇ ಒಪ್ಪಿ ಬರುತ್ತಾರಲ್ಲ ಎನ್ನುವವರಿದ್ದಾರೆ. ನಿಜ, ಮತ್ತೆ ಬಸಿರಾಗುವ ಭಯಕ್ಕಿಂತ ಹಲವರಿಗೆ ಇದೇ ವಾಸಿ. ಆದರೆ ಗಂಡ ಒಲ್ಲೆ ಎಂದಮೇಲೆ ಉಳಿದ ಒಂದೇ ದಾರಿಯನ್ನು ಆಯ್ಕೆ ಎನ್ನಲಾದೀತೇ? ಚಿಕಿತ್ಸೆಗೆ ಗಂಡನ ಸಹಿ ಬೇಕೆಂದು ಸರ್ಕಾರಿ ನಿಯಮ ಹೇಳುವುದಿಲ್ಲ. ಅವನ ಅಪ್ಪಣೆ ಬೇಕೆನ್ನುವುದು ಮನೆ. ಇನ್ನು ಹಾಸಿಗೆಯಲ್ಲಿ ಬೇಡ ಎನ್ನುವ ಹಕ್ಕಿನ ವಿಚಾರದಲ್ಲಿ ಕಾನೂನೂ ಮನೆಯ ಪರವೇ: ವಯಸ್ಕ ಹೆಂಡತಿಯ ಮೇಲೆ ಗಂಡ ನಡೆಸುವ ಬಲಾತ್ಕಾರವನ್ನು 2023ರ ಭಾರತೀಯ ನ್ಯಾಯ ಸಂಹಿತೆಯೂ ಅತ್ಯಾಚಾರದ ವ್ಯಾಖ್ಯೆಯಿಂದ ಹೊರಗಿಟ್ಟಿದೆ.